ಕುಮಾರ ಪರ್ವತ, ನವೆಂಬರ್ ಕೊನೆ, ಆರು ಜನ: ಟೆಂಟ್ ಎಲ್ಲಿ, ನೀರು ಎಷ್ಟು, ಯಾವ ಬದಿಯಿಂದ?

ಕಾಲ್ದಾರಿ

ಎಲ್ಲರಿಗೂ ನಮಸ್ಕಾರ. ನವೆಂಬರ್ ಕೊನೆಯ ಶನಿವಾರ-ಭಾನುವಾರ ಆರು ಜನ ಕುಮಾರ ಪರ್ವತಕ್ಕೆ ಹೋಗಬೇಕೆಂದಿದ್ದೇವೆ. ನಾಲ್ವರಿಗೆ ಸಾವನದುರ್ಗ, ಸ್ಕಂದಗಿರಿಯಂಥ ಬೆಟ್ಟಗಳ ರೂಢಿ ಇದೆ, ಇಬ್ಬರು ಹೊಸಬರು. ಸದ್ಯಕ್ಕೆ ಹಾಕಿಕೊಂಡಿರುವ ಲೆಕ್ಕ ಹೀಗಿದೆ: ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಬಸ್, ಶನಿವಾರ ಬೆಳಿಗ್ಗೆ ಕುಕ್ಕೆಯಿಂದ ಹತ್ತುವುದು, ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತದ ಹತ್ತಿರ ಟೆಂಟ್ ಹಾಕಿ ಉಳಿಯುವುದು, ಭಾನುವಾರ ಸೂರ್ಯೋದಯ ನೋಡಿಕೊಂಡು ಇಳಿಯುವುದು. ಮೂರು ಜನರ ಟೆಂಟ್ ಎರಡಿವೆ, ತಿರುಪಿನ ಕ್ಯಾನ್ ಹಾಕುವ ಸಣ್ಣ ಗ್ಯಾಸ್ ಸ್ಟೌ ಒಂದಿದೆ.

ಕೇಳಬೇಕಾದದ್ದು: ಪರ್ಮಿಟ್ ಹೇಗೆ? ತಲೆಗೆ ಎಷ್ಟು ಲೀಟರ್ ನೀರು? ಇಂಬಳಕ್ಕೆ (ಜಿಗಣೆಗೆ) ಏನು ಮಾಡಬೇಕು? ಹೊಸಬರಿಗೆ ಕುಕ್ಕೆ ಕಡೆಯ ದಾರಿ ಆಗುತ್ತದೆಯೇ?

ಘಟ್ಟದಂಚು

ಮೊದಲು ಟೆಂಟಿನ ಮಾತು ಮುಗಿಸೋಣ, ಅದು ಬದಲಾದರೆ ಉಳಿದದ್ದೆಲ್ಲ ಬದಲಾಗುತ್ತದೆ. ಶೇಷಪರ್ವತದಲ್ಲಾಗಲಿ, ಕಲ್ಲು ಮಂಟಪದ ಬಳಿಯಾಗಲಿ, ಶಿಖರದಲ್ಲಾಗಲಿ ಟೆಂಟ್ ಹಾಕುವಂತಿಲ್ಲ. ಇದೆಲ್ಲ ಪುಷ್ಪಗಿರಿ ವನ್ಯಜೀವಿ ಅಭಯಾರಣ್ಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅಭಯಾರಣ್ಯದೊಳಗೆ ಕಾಲಿಡುವುದಕ್ಕೇ ಅನುಮತಿ ಬೇಕು. ಕೊಟ್ಟ ಅನುಮತಿ ಚಾರಣಕ್ಕಾದರೆ ಅದು ಚಾರಣಕ್ಕೆ ಮಾತ್ರ, ರಾತ್ರಿ ತಂಗುವುದಕ್ಕಲ್ಲ. 30ನೇ ಸೆಕ್ಷನ್ ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹಚ್ಚುವುದನ್ನೂ, ಹೊತ್ತಿಸಿದ್ದನ್ನು ಹಾಗೇ ಬಿಟ್ಟು ಹೋಗುವುದನ್ನೂ ನಿಷೇಧಿಸುತ್ತದೆ. ಕಸ ಎಸೆಯುವುದೂ 27ರಲ್ಲೇ ಬರುತ್ತದೆ. ಹಾಗಾಗಿ ಕ್ಯಾಂಪ್ ಫೈರ್ ಯೋಚನೆ ಇದ್ದರೆ ಈಗಲೇ ಬಿಡಿ. ಗ್ಯಾಸ್ ಸ್ಟೌ ಕೂಡ ದಾರಿಯಲ್ಲಿ ಹೊರತೆಗೆಯಬೇಡಿ.

ಪರ್ಮಿಟ್ ವಿಷಯ. 2024ರ ಜನವರಿ ಕೊನೆಯ ವಾರಾಂತ್ಯದಲ್ಲಿ ಒಂದೇ ಸಲ ಸಾವಿರಾರು ಜನ ಬಂದು ಇಡೀ ದಾರಿ ಸಾಲುಗಟ್ಟಿತ್ತು. ಅದಾದ ಮೇಲೆ ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಶುರುವಾಯಿತು. ಒಂದು ಚಾರಣ ದಾರಿಗೆ ದಿನಕ್ಕೆ 300 ಜನ ಎಂಬ ಮಿತಿ ಬಂದದ್ದೂ ಆಗಲೇ. ಶನಿವಾರದ ಟಿಕೆಟ್ ಬೇಗ ಖಾಲಿಯಾಗುತ್ತದೆ. ಪ್ರತಿಯೊಬ್ಬರ ಗುರುತಿನ ಚೀಟಿಯ ವಿವರ ತುಂಬಬೇಕು, ಅದೇ ಮೂಲ ಚೀಟಿ ಕೈಯಲ್ಲಿರಬೇಕು. ಹೆಸರು ಹಾಕಿದವರ ಬದಲು ಬೇರೆಯವರು ಬಂದರೆ ಚೆಕ್‌ಪೋಸ್ಟ್‌ನಿಂದ ವಾಪಸ್ ಕಳಿಸುತ್ತಾರೆ. ಇನ್ನೊಂದು ಮಾತು: ಜಾಲತಾಣದಲ್ಲಿ ನೀವು ಹತ್ತುವ ಬದಿಯನ್ನು ಸರಿಯಾಗಿ ನೋಡಿ ಆರಿಸಿ. ಕುಕ್ಕೆ ಕಡೆಯ ಟಿಕೆಟ್ ಹಿಡಿದು ಸೋಮವಾರಪೇಟೆ ಕಡೆಯ ಬೀದಳ್ಳಿ ಗೇಟಿಗೆ ಹೋದರೆ ಕೆಲಸಕ್ಕೆ ಬರುವುದಿಲ್ಲ. ಒಂದು ಬದಿಯಿಂದ ಹತ್ತಿ ಇನ್ನೊಂದು ಬದಿಗೆ ಇಳಿಯುವ ಆಸೆ ಇದ್ದರೆ ಅದನ್ನು ಅರಣ್ಯ ಇಲಾಖೆಯವರ ಹತ್ತಿರ ಮೊದಲೇ ಕೇಳಿ ತೀರ್ಮಾನಿಸಿಕೊಳ್ಳಿ, ಗೇಟಿನಲ್ಲಿ ನಿಂತು ಚೌಕಾಸಿ ಮಾಡಬೇಡಿ.

ಮಳೆಗಾಲದಲ್ಲಿ ದಾರಿ ಮುಚ್ಚಿರುತ್ತದೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಬಂದಾಗ ಮತ್ತೆ ಮುಚ್ಚುತ್ತಾರೆ. ನವೆಂಬರ್ ಕೊನೆ ಒಳ್ಳೆಯ ಆಯ್ಕೆಯೇ.

ಸೋಮವಾರಪೇಟೆ_ಕಡೆಯವ

ಘಟ್ಟದಂಚು ಅವರು ಹೇಳಿದ್ದರ ಮುಂದುವರಿಕೆ. ನಿಮಗೆ ಟೆಂಟಿನಲ್ಲಿ ಮಲಗಲೇಬೇಕು ಅಂತಿದ್ದರೆ ಕುಕ್ಕೆ ಕಡೆ ಬಿಟ್ಟು ನಮ್ಮ ಕಡೆಯಿಂದ ಬನ್ನಿ. ಸೋಮವಾರಪೇಟೆಯಿಂದ ಶಾಂತಳ್ಳಿ ಮಾರ್ಗವಾಗಿ ಬೀದಳ್ಳಿ ಸುಮಾರು 25 ಕಿ.ಮೀ. ಅಲ್ಲಿಂದ ಹೆಗ್ಗಡಮನೆ ಕಡೆಗೆ ಹೋಗಿ ಹತ್ತುವುದು. ಸುತ್ತಮುತ್ತ ಹೋಮ್‌ಸ್ಟೇಗಳಿವೆ, ಕಾಫಿ ತೋಟಗಳಿವೆ. ಮನೆಯವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆದರೆ ಅವರ ಅಂಗಳದಲ್ಲಿ ಟೆಂಟ್ ಹಾಕಬಹುದು. ಅದು ಖಾಸಗಿ ಜಾಗ, ಕಾನೂನಿನ ತೊಡಕಿಲ್ಲ. ಬಚ್ಚಲಲ್ಲಿ ಬಿಸಿನೀರು ಸಿಗುತ್ತದೆ, ರಾತ್ರಿ ಜಡಿಮಳೆ ಬಂದರೆ ಓಡಿಹೋಗಲು ಜಗಲಿ ಇರುತ್ತದೆ. ಸ್ಟೌ ಹಚ್ಚುವುದಿದ್ದರೂ ಅಲ್ಲೇ.

ಆದರೆ ಒಂದು ಗಮನಿಸಿ. ನವೆಂಬರ್ ಕೊನೆಗೆ ಅರೇಬಿಕಾ ಕೊಯ್ಲು ಶುರುವಾಗಿರುತ್ತದೆ. ಸಮತಟ್ಟಾಗಿ ಕಾಣುವ ಸಿಮೆಂಟಿನ ಕಣ ನೋಡಿ ಇಲ್ಲೇ ಹಾಕೋಣ ಅಂದುಕೊಳ್ಳಬೇಡಿ, ಅದು ಕಾಫಿ ಒಣಗಿಸುವ ಜಾಗ. ಯಜಮಾನರು ತೋರಿಸಿದ ಕಡೆಯೇ ಹಾಕಿ.

ಈ ಬದಿಯಿಂದ ಶಿಖರಕ್ಕೆ ಒಂದು ಕಡೆಗೆ ಆರು-ಏಳು ಕಿ.ಮೀ. ಆರಂಭ ಸಲೀಸು, ಕಾಡಿನೊಳಗಿನ ದಾರಿ. ಕೊನೆಯ ಭಾಗದಲ್ಲಿ ಕಡಿದಾದ ಹಾಸುಬಂಡೆಗಳಿವೆ. ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ, ಒದ್ದೆಯಾದರೆ ಪಾಚಿ ಜಾರುತ್ತದೆ. ಹತ್ತುವಾಗ ಕಷ್ಟ ಗೊತ್ತಾಗುವುದಿಲ್ಲ, ಇಳಿಯುವಾಗ ಗೊತ್ತಾಗುತ್ತದೆ. ಇಳಿಯುವಾಗ ಬಂಡೆಯ ನಡುವೆ ಹೋಗದೆ ಅಂಚಿನಲ್ಲಿ, ಹುಲ್ಲೂ ಬಂಡೆಯೂ ಸೇರುವ ಗೆರೆಯಲ್ಲಿ ಕಾಲಿಡಿ. ಪೂರ್ತಿ ಅಂಗಾಲು ಊರಿ. ಹಿಮ್ಮಡಿ ಮಾತ್ರ ಊರಿದರೆ ಜಾರುತ್ತೀರಿ.

ಪುತ್ತೂರು_ಮಳೆ

ಸೋಮವಾರಪೇಟೆಯವರ ಮಾತು ಹೊಸಬರ ಮಟ್ಟಿಗೆ ಸರಿ. ಆದರೂ ಕುಕ್ಕೆ ದಾರಿಯ ಬಗ್ಗೆ ಎರಡು ಮಾತು ಬರೆಯಲೇಬೇಕು ಮಾರಾಯ್ರೆ, ಅಷ್ಟು ಸುಂದರವಾದ ಏರು ನಮ್ಮ ಘಟ್ಟದಲ್ಲಿ ಕಡಿಮೆ. ಕುಕ್ಕೆ ಸಮುದ್ರಮಟ್ಟದಿಂದ ಸುಮಾರು 120 ಮೀಟರ್, ಶಿಖರ 1,712 ಮೀಟರ್. ಒಂದೇ ದಾರಿಯಲ್ಲಿ ಕರಾವಳಿಯ ಸೆಕೆಯ ಕಾಡಿನಿಂದ ಹುಲ್ಲುಗುಡ್ಡಕ್ಕೆ, ಅಲ್ಲಿಂದ ಶೋಲಾ ಕಾಡಿಗೆ (ಎತ್ತರದ ಬೆಟ್ಟದ ಮಡಿಲಲ್ಲಿ ಬೆಳೆಯುವ ಕುಳ್ಳ ಮರಗಳ ಕಾಡು) ಏರುತ್ತೀರಿ.

ದಾರಿಯ ಕ್ರಮ: ಮೊದಲ ಐದಾರು ಕಿ.ಮೀ. ದಟ್ಟ ಕಾಡು, ಬೇರು ಮತ್ತು ಕಲ್ಲಿನ ಮೆಟ್ಟಿಲಿನಂಥ ಏರು, ನಡುವೆ ಭೀಮನ ಬಂಡೆ. ಗಾಳಿ ಆಡುವುದಿಲ್ಲ, ಬೆವರು ಒಣಗುವುದಿಲ್ಲ. ಹೆಚ್ಚಿನವರು ಸುಸ್ತಾಗುವುದು ಇಲ್ಲೇ. ಆಮೇಲೆ ಕಾಡು ಬಿಚ್ಚಿಕೊಂಡು ಗಿರಿಗದ್ದೆ ಬರುತ್ತದೆ. ಭಟ್ಟರ ಮನೆ ಅನ್ನುವ ಜಾಗ ಇದೇ, ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ಕಚೇರಿ. ಅಲ್ಲಿಂದ ಮುಂದೆ ನೆರಳಿಲ್ಲ. ಬಿಸಿಲಿನಲ್ಲಿ ಹುಲ್ಲುಗುಡ್ಡ ಹತ್ತಿ ಕಲ್ಲು ಮಂಟಪ, ಅದರ ಹತ್ತಿರದ ತೊರೆಯೇ ಕೊನೆಯ ನೀರು. ಆಮೇಲೆ ಶೇಷಪರ್ವತದ ಏಣು. ಒಂದು ಬದಿ ನೇರ ಪ್ರಪಾತ, ಅಂಚಿಗೆ ಹೋಗಿ ಫೋಟೊ ತೆಗೆಯುವುದು ಬೇಡ. ಅಲ್ಲಿಂದ ಒಮ್ಮೆ ಕೆಳಗಿಳಿದು, ಶೋಲಾ ಕಾಡು ದಾಟಿ, ಒದ್ದೆ ಬಂಡೆ ಹತ್ತಿದರೆ ಕುಮಾರ ಪರ್ವತ. ಒಟ್ಟು ಸುಮಾರು 13 ಕಿ.ಮೀ.

ಗಿರಿಗದ್ದೆಯಲ್ಲಿ ತಂಗುವ ಪದ್ಧತಿ ಹಿಂದಿನಿಂದಲೂ ಇದೆ. ಆದರೆ ನೀವು ಹೋಗುವ ದಿನದ ಪರ್ಮಿಟ್‌ನಲ್ಲಿ ಅದಕ್ಕೆ ಅವಕಾಶ ಇದೆ ಎಂದು ಬರೆದಿದ್ದರೆ ಮಾತ್ರ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಊಟಕ್ಕೂ ಮೊದಲೇ ತಿಳಿಸಬೇಕು, ಆರು ಜನ ಹಸಿದು ಹೋಗಿ ಬಾಗಿಲಲ್ಲಿ ನಿಲ್ಲುವುದು ಸರಿಯಲ್ಲ.

ಚಂಪಾಷಷ್ಠಿ ಯಾವತ್ತು ಬರುತ್ತದೆಂದು ಪಂಚಾಂಗ ನೋಡಿಕೊಳ್ಳಿ. ಮಾರ್ಗಶಿರ ಶುದ್ಧ ಷಷ್ಠಿ, ಸಾಮಾನ್ಯವಾಗಿ ನವೆಂಬರ್ ಕೊನೆ ಇಲ್ಲವೇ ಡಿಸೆಂಬರ್. ಕುಕ್ಕೆಯಲ್ಲಿ ರಥೋತ್ಸವ. ಆ ದಿನಗಳಲ್ಲಿ ರೂಮು ಸಿಗುವುದಿಲ್ಲ, ಬಸ್ಸಿನಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ.

ತೂಕದ_ಲೆಕ್ಕ

ಎರಡು ಬದಿಯನ್ನೂ ಗಂಟೆಗಳಲ್ಲಿ ಅಳೆದು ನೋಡೋಣ. ಸ್ಕಾಟ್ಲೆಂಡಿನ ಬೆಟ್ಟ ಹತ್ತುವವನೊಬ್ಬ, ನೈಸ್ಮಿತ್, 1892ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದು ತಂಪು ಹವೆಯ, ಗಟ್ಟಿ ಕಾಲಿನ ಲೆಕ್ಕ. ನಮ್ಮ ಸೆಕೆ, ಬೇರುಗಳ ದಾರಿ, ಬೆನ್ನಿನ ಭಾರ, ಹೊಸಬರು ಎಲ್ಲ ಸೇರಿಸಿ ಒಂದೂವರೆ ಪಟ್ಟು ಮಾಡಿ.

ಕುಕ್ಕೆ ಕಡೆ: 13 ಕಿ.ಮೀ.ಗೆ 2.6 ಗಂಟೆ, ಸುಮಾರು 1,590 ಮೀಟರ್ ಏರಿಗೆ 2.65 ಗಂಟೆ, ಒಟ್ಟು 5.25. ಒಂದೂವರೆ ಪಟ್ಟು ಅಂದರೆ ಎಂಟು ಗಂಟೆ. ಇಳಿಯಲು ಐದು ಗಂಟೆ ಇಟ್ಟುಕೊಳ್ಳಿ, ಮೊಣಕಾಲು ಬೇಗ ಇಳಿಯಲು ಬಿಡುವುದಿಲ್ಲ. ಒಟ್ಟು ಹದಿಮೂರು. ನವೆಂಬರ್ ಕೊನೆಯಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂವರೆಗೆ, ಮುಳುಗುವುದು ಆರಕ್ಕೆ. ಕಾಡಿನೊಳಗೆ ಐದೂಕಾಲಿಗೇ ಕತ್ತಲು. ಬೆಳಕು ಇರುವುದೇ ಹನ್ನೊಂದು ಗಂಟೆ ಚಿಲ್ಲರೆ. ಹಾಗಾಗಿ ಹೊಸಬರನ್ನು ಕಟ್ಟಿಕೊಂಡು ಕುಕ್ಕೆಯಿಂದ ಒಂದೇ ದಿನದಲ್ಲಿ ಹೋಗಿ ಬರುವುದು ಲೆಕ್ಕಕ್ಕೆ ಕೂಡುವುದಿಲ್ಲ.

ಬೀದಳ್ಳಿ ಕಡೆ: 7 ಕಿ.ಮೀ., ಏರು 700 ಮೀಟರ್ ಎಂದಿಟ್ಟುಕೊಂಡರೆ 1.4 ಮತ್ತು 1.2, ಒಟ್ಟು 2.6. ಒಂದೂವರೆ ಪಟ್ಟಿಗೆ ನಾಲ್ಕು ಗಂಟೆ. ಏಳಕ್ಕೆ ಹೊರಟರೆ ಹನ್ನೊಂದಕ್ಕೆ ಮೇಲೆ, ನಾಲ್ಕರೊಳಗೆ ಕೆಳಗೆ.

ಬೆನ್ನಿನ ಭಾರವನ್ನೂ ಹೋಲಿಸಿ. ಟೆಂಟ್ ಹೊತ್ತು ಹತ್ತಿದರೆ ಒಬ್ಬರಿಗೆ: ಟೆಂಟಿನ ಪಾಲು 1 ಕೆಜಿ, ಸ್ಲೀಪಿಂಗ್ ಬ್ಯಾಗ್ 1.2, ಚಾಪೆ 0.4, ಬಟ್ಟೆ 1.2, ರೇನ್‌ಕೋಟ್ 0.4, ಊಟ-ತಿಂಡಿ 1.5, ನೀರು 3, ಟಾರ್ಚು-ಔಷಧಿ ಮುಂತಾದವು 0.8, ಖಾಲಿ ಚೀಲ 1.5. ಒಟ್ಟು 11 ಕೆಜಿ. ಟೆಂಟನ್ನು ಬೀದಳ್ಳಿಯ ಅಂಗಳದಲ್ಲೇ ಬಿಟ್ಟು ಹೋದರೆ: ನೀರು 3, ತಿಂಡಿ 0.7, ರೇನ್‌ಕೋಟ್ 0.4, ಒಣ ಬಟ್ಟೆ 0.3, ಟಾರ್ಚು-ಔಷಧಿ 0.5, ಸಣ್ಣ ಚೀಲ 0.6. ಒಟ್ಟು 5.5. ಸರಿಯಾಗಿ ಅರ್ಧ. ನನ್ನ ಮಟ್ಟಿಗೆ ತೀರ್ಮಾನ ಇಲ್ಲೇ ಆಯಿತು.

ಕಾಲ್ದಾರಿ

ಬೀದಳ್ಳಿ ಕಡೆ ಎಂದು ನಿರ್ಧರಿಸಿದೆವು. ಎರಡು ರಾತ್ರಿ ಅಂಗಳದಲ್ಲಿ ಟೆಂಟ್, ನಡುವಿನ ಹಗಲು ಚಾರಣ. ಶುಕ್ರವಾರ ರಜೆ ಹಾಕಿ ಬೆಳಿಗ್ಗೆಯೇ ಹೊರಡುತ್ತೇವೆ. ಮೂರು ಜನರ ಟೆಂಟಿನಲ್ಲಿ ಮೂವರೂ ಚೀಲಗಳೂ ಹಿಡಿಸುತ್ತವೆಯೇ? ಮಳೆ ಬಂದರೆ ಒಳಗೆ ನೀರು ಬರುತ್ತದೆ ಎಂದು ಹಲವರು ಹೇಳುತ್ತಾರೆ.

ತೂಕದ_ಲೆಕ್ಕ

ಹಿಡಿಸುವುದಿಲ್ಲ. ಮೂರು ಜನರ ಟೆಂಟ್ ಎಂದರೆ ಮೂರು ಚಾಪೆ ಅಂಟಿಕೊಂಡು ಕೂರುವಷ್ಟು ಅಗಲ. ಚೀಲ ಹೊರಗಿರಬೇಕು, ಜಗಲಿಯಲ್ಲಿಡಿ.

ಒಳಗೆ ಒದ್ದೆಯಾಗುವುದಕ್ಕೆ ಸಾಮಾನ್ಯವಾಗಿ ಮೂರು ಕಾರಣ. ಹೆಚ್ಚಿನವರು ಮೂರಕ್ಕೂ ಟೆಂಟ್ ಸೋರುತ್ತದೆ ಅಂತಲೇ ಹೇಳುತ್ತಾರೆ.

ಒಂದು, ಉಸಿರಿನ ಆವಿ. ಮಲೆನಾಡಿನ ರಾತ್ರಿ ಗಾಳಿಯಲ್ಲೇ ತೇವ ತುಂಬಿರುತ್ತದೆ. ಮೂವರ ಉಸಿರಿನ ಆವಿ ಹೊರಪದರದ ತಣ್ಣನೆಯ ಬಟ್ಟೆಗೆ ತಾಗಿ ಹನಿಗಟ್ಟುತ್ತದೆ. ಚಳಿ ಎಂದು ಎಲ್ಲ ಜಿಪ್ ಮುಚ್ಚಿದರೆ ಬೆಳಿಗ್ಗೆ ಸ್ಲೀಪಿಂಗ್ ಬ್ಯಾಗಿನ ಮೇಲೆ ನೀರು. ಮೇಲಿನ ಕಿಂಡಿ ಪೂರ್ತಿ ತೆರೆದಿಡಿ, ಬಾಗಿಲ ಹೊರಜಿಪ್ಪನ್ನು ಮೇಲಿನಿಂದ ಒಂದು ಗೇಣು ಬಿಡಿ. ಒಳಪದರಕ್ಕೂ ಹೊರಪದರಕ್ಕೂ ನಡುವೆ ಅಂತರ ಇರಲೇಬೇಕು. ಎಲ್ಲಿ ಅಂಟಿತೋ ಅಲ್ಲಿ ತೊಟ್ಟಿಕ್ಕುತ್ತದೆ. ಹೊರಪದರ ಒದ್ದೆಯಾದಾಗ ನೈಲಾನ್ ಸಡಿಲವಾಗುತ್ತದೆ, ಆದ್ದರಿಂದ ಮಳೆ ಶುರುವಾಗಿ ಹತ್ತು ನಿಮಿಷವಾದ ಮೇಲೆ ಒಂದು ಸಲ ಹೊರಗೆ ಹೋಗಿ ಹಗ್ಗಗಳನ್ನು ಬಿಗಿ ಮಾಡಿ.

ಎರಡು, ಕೆಳಗಿನ ಹಾಳೆ. ತಾರ್ಪಾಲು ಟೆಂಟಿಗಿಂತ ದೊಡ್ಡದಿದ್ದರೆ ಹೊರಚಾಚಿದ ಅಂಚಿಗೆ ಬಿದ್ದ ಮಳೆ ನೇರ ಕೆಳಗೆ ಹರಿದು ಟೆಂಟಿನ ತಳದಲ್ಲಿ ನಿಲ್ಲುತ್ತದೆ. ಹಾಳೆ ಟೆಂಟಿನ ತಳಕ್ಕಿಂತ ಎಲ್ಲ ಬದಿಯಲ್ಲೂ ಐದಾರು ಸೆಂ.ಮೀ. ಚಿಕ್ಕದಿರಬೇಕು. ದೊಡ್ಡದಿದ್ದರೆ ಅಂಚನ್ನು ಒಳಕ್ಕೆ, ಅದರಲ್ಲೂ ಕೆಳಮುಖವಾಗಿ ಮಡಚಿ. ಮೇಲ್ಮುಖವಾಗಿ ಮಡಚಿದರೆ ಅದೇ ಒಂದು ತಟ್ಟೆಯಾಗುತ್ತದೆ.

ಮೂರು, ಹೊಲಿಗೆ. ಹೊರಪದರದ ಒಳಬದಿ ಹೊಲಿಗೆಯ ಮೇಲೆ ಅಂಟಿಸಿದ ಪಟ್ಟಿ ಎದ್ದಿದೆಯೇ ನೋಡಿ. ಹೊರಡುವ ವಾರ ಮೊದಲು ಟೆರೇಸಿನಲ್ಲಿ ಟೆಂಟ್ ಕಟ್ಟಿ ಪೈಪಿನಿಂದ ಹತ್ತು ನಿಮಿಷ ನೀರು ಬಿಡಿ. ಸೋರಿದಲ್ಲಿ ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚಿ, ಒಂದು ದಿನ ಒಣಗಲು ಬಿಡಿ.

ಗೂಟದ ಬಗ್ಗೆ: ಟೆಂಟಿನ ಜೊತೆ ಬರುವ ತಂತಿ ಗೂಟ ಮಳೆಯಲ್ಲಿ ನೆನೆದ ಮಣ್ಣಿನಲ್ಲಿ ನಿಲ್ಲುವುದಿಲ್ಲ. ವಿ ಆಕಾರದ ಅಲ್ಯೂಮಿನಿಯಂ ಗೂಟ, ಒಂದು ಗೇಣು ಉದ್ದದ್ದು, ಟೆಂಟಿಗೆ ಎಂಟು ತೆಗೆದುಕೊಳ್ಳಿ. ತಲೆ ಟೆಂಟಿನಿಂದ ಆಚೆಗೆ ವಾಲಿರುವಂತೆ ಹೊಡೆಯಿರಿ. ಮರದಡಿ ಹಾಕಬೇಡಿ. ಒಣ ಕೊಂಬೆ ಬೀಳುತ್ತದೆ, ಮಳೆ ನಿಂತ ಮೇಲೂ ಎರಡು ಗಂಟೆ ಹನಿ ಬೀಳುತ್ತಿರುತ್ತದೆ.

ಚಾಪೆ ಬಿಡಬೇಡಿ. ಚಳಿ ಮೇಲಿನಿಂದ ಬರುವುದಕ್ಕಿಂತ ಹೆಚ್ಚಾಗಿ ನೆಲದಿಂದ ಬರುತ್ತದೆ. ಸ್ಲೀಪಿಂಗ್ ಬ್ಯಾಗಿನೊಳಗಿನ ಹತ್ತಿ-ನಾರು ಮೈಭಾರಕ್ಕೆ ಅಮುಕಿ ಹೋದಾಗ ಕೆಳಬದಿಯಲ್ಲಿ ಶಾಖ ಹಿಡಿಯುವುದು ಈ 8-10 ಮಿ.ಮೀ. ಫೋಮ್ ಒಂದೇ. ಆ ಎತ್ತರದ ಊರುಗಳಲ್ಲಿ ಆ ಹೊತ್ತಿಗೆ ರಾತ್ರಿ ಸುಮಾರು 15 ಡಿಗ್ರಿ, ಗಾಳಿ ಬೀಸಿದರೆ ಇನ್ನೂ ಚಳಿ. ಹಕ್ಕಿ ಪುಕ್ಕದ ಬ್ಯಾಗು ಈ ತೇವದಲ್ಲಿ ಮುದ್ದೆಯಾಗುತ್ತದೆ, ಸಿಂಥೆಟಿಕ್ ಸಾಕು.

ಘಟ್ಟದಂಚು

ಸ್ಟೌ ಬಗ್ಗೆ ಒಂದು ಎಚ್ಚರ. ಗ್ಯಾಸ್ ಕ್ಯಾನನ್ನು ರೈಲಿನಲ್ಲಿ ಒಯ್ಯುವಂತಿಲ್ಲ, ಬಸ್ಸಿನಲ್ಲೂ ಒಪ್ಪುವುದಿಲ್ಲ. ಹೋಮ್‌ಸ್ಟೇಯಲ್ಲಿ ಊಟ ಹೇಳಿದರೆ ಸ್ಟೌ ಹೊರುವ ಅಗತ್ಯವೇ ಇಲ್ಲ. ಎಂದಿಗೂ ಟೆಂಟಿನೊಳಗೆ ಹಚ್ಚಬೇಡಿ. ಬಟ್ಟೆ ಹೊತ್ತಿಕೊಳ್ಳುವುದು ಒಂದಾದರೆ, ಮುಚ್ಚಿದ ಜಾಗದಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬಿ ಮಲಗಿದವರು ಏಳದೇ ಹೋಗುವುದು ಇನ್ನೊಂದು.

ಸೋಮವಾರಪೇಟೆ_ಕಡೆಯವ

ನೀರು: ನಮ್ಮ ಬದಿಯಲ್ಲಿ ಕೆಳಗಿನ ಕಾಡಿನಲ್ಲಿ ಹಳ್ಳಗಳು ಸಿಗುತ್ತವೆ, ಬಂಡೆ ಶುರುವಾದ ಮೇಲೆ ನಂಬಬೇಡಿ. ಹೊರಡುವಾಗಲೇ ತಲೆಗೆ 3 ಲೀಟರ್. ಒಂದೇ ದೊಡ್ಡ ಕ್ಯಾನಿನಲ್ಲಿ ಬೇಡ, ಒಂದೊಂದು ಲೀಟರಿನ ಮೂರು ಬಾಟಲಿ. ಒಂದು ಖಾಲಿಯಾಯಿತೆಂದರೆ ಎಷ್ಟು ದೂರ ಬಂದಿದ್ದೀರಿ, ಎಷ್ಟು ಉಳಿದಿದೆ ಎಂದು ಕೂಡಲೇ ತಿಳಿಯುತ್ತದೆ. ಎರಡನೆಯ ಬಾಟಲಿ ಶಿಖರ ಮುಟ್ಟುವ ಮೊದಲೇ ಮುಗಿದರೆ ನಿಮ್ಮ ವೇಗ ತಪ್ಪಿದೆ ಅಥವಾ ಬಿಸಿಲು ಜೋರಿದೆ. ಸ್ಟೀಲಿನ ಬಾಟಲಿಯಾದರೆ ಒಳ್ಳೆಯದು. ಚೆಕ್‌ಪೋಸ್ಟ್‌ನಲ್ಲಿ ಚೀಲ ಬಿಚ್ಚಿಸಿ ಪ್ಲಾಸ್ಟಿಕ್ ನೋಡುತ್ತಾರೆ. ಬಿಸ್ಕತ್ತು-ಚಾಕೊಲೇಟನ್ನು ಮೊದಲೇ ಪ್ಯಾಕೆಟ್‌ನಿಂದ ತೆಗೆದು ಡಬ್ಬಿಗೆ ಹಾಕಿಕೊಂಡರೆ ಅಲ್ಲಿ ಹೊತ್ತು ಉಳಿಯುತ್ತದೆ, ದಾರಿಯಲ್ಲಿ ಕಸವೂ ಬೀಳುವುದಿಲ್ಲ.

ಹಳ್ಳದ ನೀರು ಕುಡಿಯುವುದಾದರೆ ಹರಿಯುವ ಕಡೆ ತುಂಬಿಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯಿರಿ. ನೀರು ಕಲಕಿದ್ದರೆ ಮೊದಲು ಪಂಚೆ ಬಟ್ಟೆಯಲ್ಲಿ ಸೋಸಿ. ಮಣ್ಣು ಇದ್ದರೆ ಕ್ಲೋರಿನ್ ಅದಕ್ಕೇ ಖರ್ಚಾಗುತ್ತದೆ. ಸೋಪು, ಶಾಂಪೂ ಹಳ್ಳಕ್ಕೆ ತಾಗಿಸಬೇಡಿ. ಕುಮಾರಧಾರೆ ಹುಟ್ಟುವುದು ಇದೇ ಬೆಟ್ಟದಲ್ಲಿ, ಕೆಳಗೆ ಅದನ್ನು ಕುಡಿಯುವವರಿದ್ದಾರೆ.

ತಿನ್ನಲು ಚಪಾತಿಗೆ ಚಟ್ನಿಪುಡಿ-ತುಪ್ಪ, ಹುರಿಗಡಲೆ, ಶೇಂಗಾ-ಬೆಲ್ಲ, ಬಾಳೆಹಣ್ಣು. ಚಿತ್ರಾನ್ನ, ಮೊಸರನ್ನ ಬೇಡ. ಬೆಳಿಗ್ಗೆ ಕಟ್ಟಿದ್ದು ಚೀಲದ ಸೆಕೆಗೆ ಮಧ್ಯಾಹ್ನದೊಳಗೆ ಹುಳಿಯುತ್ತದೆ. ಗಂಟೆಗೊಮ್ಮೆ ಒಂದು ಮುಷ್ಟಿ ಶೇಂಗಾ-ಬೆಲ್ಲ ತಿನ್ನುತ್ತಾ ಹೋದರೆ ಮೇಲೆ ಹೋಗಿ ಹೊಟ್ಟೆ ಬಿರಿಯ ಉಣ್ಣುವ ಅಗತ್ಯ ಬರುವುದಿಲ್ಲ.

ಪ್ರಥಮ_ಚಿಕಿತ್ಸೆ

ಇಂಬಳ ಮತ್ತು ಉಣುಗು (ಉಣ್ಣೆ) ಎರಡನ್ನೂ ಒಂದೇ ಎಂದು ನೋಡಬೇಡಿ, ಬಿಡಿಸುವ ರೀತಿ ಪೂರಾ ಬೇರೆ.

ಇಂಬಳ ಕಚ್ಚಿದ್ದು ತಿಳಿಯುವುದಿಲ್ಲ. ಅದಕ್ಕೆ ಎರಡು ತುದಿಯಲ್ಲೂ ಹೀರುಬಟ್ಟಲು ಇರುತ್ತದೆ. ಸಪೂರ ತುದಿ ಬಾಯಿಯ ಕಡೆ. ಉಗುರನ್ನು ಚರ್ಮಕ್ಕೆ ಒತ್ತಿ ಆ ಸಪೂರ ತುದಿಯ ಕೆಳಗೆ ಪಕ್ಕದಿಂದ ಜಾರಿಸಿ, ಹಿಡಿತ ಬಿಡುತ್ತದೆ. ಆಮೇಲೆ ದಪ್ಪ ತುದಿಯನ್ನೂ ಹಾಗೇ. ಎಳೆದರೆ ಗಾಯ ದೊಡ್ಡದಾಗುತ್ತದೆ. ಕಚ್ಚಿಕೊಂಡಿರುವಾಗಲೇ ಉಪ್ಪು ಸುರಿಯುವುದೋ ಕಡ್ಡಿ ಗೀರಿ ಸುಡುವುದೋ ಮಾಡಿದರೆ ಹೊಟ್ಟೆಯಲ್ಲಿರುವುದನ್ನು ಗಾಯಕ್ಕೆ ಕಕ್ಕುವ ಸಂಭವ ಇದೆ. ಬಿಟ್ಟ ಮೇಲೂ ರಕ್ತ ಬಹಳ ಹೊತ್ತು ಜಿನುಗುತ್ತದೆ, ಗಾಬರಿ ಬೇಡ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಬಿಟ್ಟಿರುತ್ತದೆ. ತೊಳೆದು, ಹತ್ತಿ ಒತ್ತಿ, ಬ್ಯಾಂಡೇಜ್ ಹಾಕಿ. ತುರಿಸಿದರೆ ಕೀವಾಗುತ್ತದೆ, ಇಂಬಳದ ಗಾಯ ಕೆಡುವುದು ಹೆಚ್ಚಾಗಿ ಉಗುರಿನಿಂದಲೇ.

ತಡೆಯಲು ಮೊಣಕಾಲಿನವರೆಗಿನ ಒತ್ತು ನೇಯ್ಗೆಯ ಬಟ್ಟೆಯ ಲೀಚ್ ಸಾಕ್ಸ್ ಒಂದೇ ನಿಜವಾದ ಉಪಾಯ. ಸಾಮಾನ್ಯ ಸಾಕ್ಸಿನ ಹೆಣಿಗೆಯ ತೂತಿನಲ್ಲಿ ಅದು ನುಸುಳುತ್ತದೆ. ಅದರ ಮೇಲೆ ಹೊಗೆಸೊಪ್ಪಿನ ಪುಡಿ ಇಲ್ಲವೇ ನಶ್ಯವನ್ನು ಬೇವಿನೆಣ್ಣೆಯಲ್ಲಿ ಕಲಸಿ ಹಚ್ಚಿದರೆ ಹತ್ತುವುದಿಲ್ಲ. ಹಳ್ಳ ದಾಟಿದ ಮೇಲೆ ಮತ್ತೆ ಹಚ್ಚಬೇಕು. ಪುಡಿ ಉಪ್ಪು ಒದ್ದೆಯಾದ ಕೂಡಲೇ ಕರಗಿಹೋಗುತ್ತದೆ. ನೆರಳಿನ ತೇವದ ಜಾಗದಲ್ಲಿ ವಿಶ್ರಾಂತಿಗೆ ಕೂರಬೇಡಿ, ಬಿಸಿಲು ಬಿದ್ದ ಬಂಡೆಯ ಮೇಲೆ ನಿಂತು ಒಬ್ಬರ ಕಾಲನ್ನು ಇನ್ನೊಬ್ಬರು ನೋಡಿ.

ಉಣುಗು ಹಾಗಲ್ಲ. ಅದರ ಮರಿ ಸಾಸಿವೆಗಿಂತ ಚಿಕ್ಕದು. ಮಂಗನ ಕಾಯಿಲೆ ಹರಡುವುದು ಈ ಉಣುಗಿನಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೆಚ್ಚು, ಚಳಿಗಾಲದಿಂದ ಬೇಸಿಗೆಯವರೆಗೆ. ನೀವು ಹೋಗುವುದು ಬೇರೆ ಕಡೆಯಾದರೂ ಘಟ್ಟದ ಯಾವ ಕಾಡಿನಿಂದ ಬಂದರೂ ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಸೊಂಟದ ಪಟ್ಟಿ ಕೂತ ಜಾಗ ನೋಡಿಕೊಳ್ಳುವುದು ರೂಢಿಯಾಗಬೇಕು. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಹಿಡಿದು ನೇರ ಮೇಲಕ್ಕೆ, ಒಂದೇ ಸಮ ಎಳೆಯಿರಿ. ತಿರುಚಬೇಡಿ. ಸೀಮೆಎಣ್ಣೆ, ಬೆಂಕಿ ಬೇಡ. ವಾಪಸಾದ ಮೇಲೆ ಹತ್ತು ದಿನದೊಳಗೆ ಜ್ವರ, ತಲೆನೋವು, ವಿಪರೀತ ಮೈಕೈ ನೋವು ಬಂದರೆ ವೈದ್ಯರಿಗೆ ಕಾಡಿಗೆ ಹೋಗಿದ್ದೆ ಎಂದು ಮೊದಲೇ ಹೇಳಿ. ಒಡೆದ ಕಾಲಿನಲ್ಲಿ ಕೆಸರು ತುಳಿದಿದ್ದರೆ ಅದನ್ನೂ ಹೇಳಿ, ಇಲಿ ಜ್ವರವೂ ಹೀಗೇ ಶುರುವಾಗುತ್ತದೆ.

ಹಾವು: ಈ ಕಾಡುಗಳಲ್ಲಿ ಮಲಬಾರ್ ಗುಳಿಮಂಡಲ ಸೊಂಟದೆತ್ತರದ ಕೊಂಬೆಯಲ್ಲಿ ಅಲುಗದೆ ಕೂತಿರುತ್ತದೆ, ಹಸಿರು, ಕಂದು ಎಲ್ಲ ಬಣ್ಣದಲ್ಲೂ ಇರುತ್ತದೆ. ಆಧಾರಕ್ಕೆಂದು ನೋಡದೆ ಕೊಂಬೆ ಹಿಡಿಯಬೇಡಿ. ಕಚ್ಚಿದರೆ ಕಟ್ಟು ಬಿಗಿಯುವುದು, ಕುಯ್ಯುವುದು, ಹೀರುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆದು, ಕೈಯೋ ಕಾಲೋ ಅಲುಗದಂತೆ ಕೋಲು ಕಟ್ಟಿ, ಹೊತ್ತು ತನ್ನಿ. ನಮ್ಮಲ್ಲಿ ಸಿಗುವ ವಿಷನಿರೋಧಕ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷದಿಂದ. ಗುಳಿಮಂಡಲ ಅದರಲ್ಲಿ ಇಲ್ಲ. ಆದರೂ ಆಸ್ಪತ್ರೆಯ ನಿಗಾ ಬೇಕೇ ಬೇಕು.

ಡಬ್ಬಿಯಲ್ಲಿ: ಓಆರ್‌ಎಸ್ ತಲೆಗೆ ಎರಡು ಪ್ಯಾಕೆಟ್, ಕ್ರೇಪ್ ಬ್ಯಾಂಡೇಜ್ ಎರಡು, ಗಾಜ್, ಪ್ಲಾಸ್ಟರ್, ಪ್ಯಾರಾಸಿಟಮಾಲ್, ಅಲರ್ಜಿ ಮಾತ್ರೆ, ಚಿಮಟ. ಓಆರ್‌ಎಸ್ ಮುಗಿದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗಬಾರದು. ಕಾಲಿನ ಸ್ನಾಯು ಹಿಡಿದುಕೊಂಡ ಮೇಲೆ ಕುಡಿಯುವುದಲ್ಲ, ಎರಡನೆಯ ಬಾಟಲಿಯಲ್ಲಿ ಮೊದಲೇ ಕಲಸಿಟ್ಟುಕೊಳ್ಳಿ.

ಪುತ್ತೂರು_ಮಳೆ

ಮಳೆ-ಸಿಡಿಲಿನ ಮಾತು ಯಾರೂ ಎತ್ತಲಿಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು. ಬೆಳಿಗ್ಗೆ ನೀಲಿ ಆಕಾಶ, ಮಧ್ಯಾಹ್ನ ಎರಡರ ನಂತರ ಗುಡುಗು. ಬೋಳು ಶಿಖರದಲ್ಲಿ ನೀವೇ ಎತ್ತರದ ವಸ್ತು. ಮಿಂಚು ಕಂಡು ಗುಡುಗು ಕೇಳುವ ನಡುವೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಮೂವತ್ತಕ್ಕಿಂತ ಕಡಿಮೆ ಬಂದರೆ ತಕ್ಷಣ ಇಳಿಯಿರಿ, ಕೊನೆಯ ಗುಡುಗಿನ ಅರ್ಧ ಗಂಟೆಯವರೆಗೆ ಮತ್ತೆ ಹತ್ತಬೇಡಿ. ಒಂಟಿ ಮರದಡಿ ಬೇಡ, ಒಂದೇ ಎತ್ತರದ ಮರಗಳಿರುವ ಕಾಡಿನೊಳಗೆ ಹೋಗಿ. ಕುಕ್ಕೆ ಬದಿಯಿಂದ ಬರುವವರು ನೆನಪಿಡಿ, ಕಲ್ಲು ಮಂಟಪ ಮಳೆಗೆ ಆಸರೆ, ಸಿಡಿಲಿಗಲ್ಲ.

ಹಿಂತಿರುಗುವ ಗಂಟೆಯನ್ನು ಹೊರಡುವ ಮೊದಲೇ ಆರೂ ಜನ ಒಪ್ಪಿಕೊಳ್ಳಿ. ಮಧ್ಯಾಹ್ನ ಒಂದು ಗಂಟೆ ಎಂದರೆ ಒಂದು ಗಂಟೆ, ಶಿಖರ ಎದುರಿಗೇ ಕಂಡರೂ ತಿರುಗಬೇಕು. ಮೇಲೆ ಕಾಲು ಉಳುಕಿದರೆ ರಸ್ತೆಯಿಲ್ಲ, ಜೀಪು ಬರುವುದಿಲ್ಲ, ಜನ ಹೊತ್ತೇ ಇಳಿಸಬೇಕು. ಸಿಗ್ನಲ್ ಸಿಕ್ಕಿದಲ್ಲಿ 112, ಆಂಬ್ಯುಲೆನ್ಸ್‌ಗೆ 108.

ಮಂಜು ಕವಿದಾಗ ಹುಲ್ಲುಗುಡ್ಡದಲ್ಲಿ ದನ-ಕಾಟಿಗಳ ಜಾಡು ಕಾಲುದಾರಿಯ ಹಾಗೇ ಕಾಣುತ್ತದೆ. ಫೋನಿನಲ್ಲಿ ಆ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಏರೋಪ್ಲೇನ್ ಮೋಡ್‌ನಲ್ಲಿಟ್ಟರೂ ಜಿಪಿಎಸ್ ಕೆಲಸ ಮಾಡುತ್ತದೆ, ಬ್ಯಾಟರಿ ಎರಡು ದಿನ ಬರುತ್ತದೆ. ಗುಂಪಿನಲ್ಲಿ ನಿಧಾನದವರು ಮುಂದೆ ಇರಲಿ, ಗಟ್ಟಿಗರೊಬ್ಬರು ಕೊನೆಗೆ.

ಆನೆ ಲದ್ದಿ ಹಬೆಯಾಡುತ್ತಿದ್ದರೆ, ಬಿದಿರು ಮುರಿಯುವ ಸದ್ದು ಕೇಳಿದರೆ ಸದ್ದಿಲ್ಲದೆ ಬಂದ ದಾರಿಯಲ್ಲೇ ಹಿಂದಕ್ಕೆ. ಪಟಾಕಿ, ಕೂಗು ಬೇಡ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಬಿಡಿ. ಕಾಡಿನಲ್ಲಿ ಹಾಡು ಹಾಕಿಕೊಂಡು ಹೋಗುವವರಿಗೆ ಪ್ರಾಣಿಯ ಸದ್ದು ಕೇಳುವುದಿಲ್ಲ, ಹಿಂದೆ ಬರುವವರ ನೆಮ್ಮದಿಯೂ ಹಾಳು.

ಕಾಲ್ದಾರಿ

ಇಷ್ಟು ಬರೆದುಕೊಂಡೆ: ಬೀದಳ್ಳಿ ಬದಿಯ ಆರು ಟಿಕೆಟ್, ಶನಿವಾರಕ್ಕೆ. ಏಳಕ್ಕೆ ಹೊರಡುವುದು, ಒಂದಕ್ಕೆ ತಿರುಗುವುದು. ತಲೆಗೆ ಮೂರು ಲೀಟರ್. ಸ್ಟೌ ಇಲ್ಲ, ಊಟ ಹೋಮ್‌ಸ್ಟೇಯಲ್ಲಿ. ಲೀಚ್ ಸಾಕ್ಸ್ ಆರು ಜೋಡಿ. ಟಾರ್ಚ್ ಎರಡು. ಚೀಲಕ್ಕೆ ಮಳೆಕವರ್ ಇದೆ. ಬಿಟ್ಟುಹೋದದ್ದು ಏನಾದರೂ?

ತೂಕದ_ಲೆಕ್ಕ

ಎರಡು ತಿದ್ದುಪಡಿ. ಮಳೆಕವರ್ ಸಾಲದು. ಬೆನ್ನಿಗೆ ತಾಗುವ ಬದಿಯನ್ನು ಕವರ್ ಮುಚ್ಚುವುದಿಲ್ಲ, ಕುತ್ತಿಗೆಯಿಂದ ಇಳಿದ ನೀರು ಅಲ್ಲಿಂದಲೇ ಒಳಹೋಗುತ್ತದೆ. ಚೀಲದೊಳಗೆ ದಪ್ಪ ಪಾಲಿಥಿನ್ ಚೀಲ ಒಂದನ್ನು ಒಳಅಸ್ತರದಂತೆ ಹಾಕಿ, ಸಾಮಾನು ತುಂಬಿ, ಬಾಯಿ ತಿರುಚಿ ಮಡಚಿ. ಗೇಟಿನಲ್ಲಿ ತೋರಿಸಿ, ವಾಪಸ್ ಬರುವಾಗಲೂ ತೋರಿಸಿ. ಟಾರ್ಚ್ ಆರೂ ಜನರಿಗೆ ಬೇಕು, ತಲೆಗೆ ಕಟ್ಟುವಂಥದ್ದು. ಒಂದರ ಬೆಳಕಿನಲ್ಲಿ ಮೂವರು ಬಂಡೆ ಇಳಿಯಲು ಆಗುವುದಿಲ್ಲ, ಹಿಂದಿನವರಿಗೆ ಮುಂದಿನವರ ನೆರಳೇ ಕಾಣುತ್ತದೆ.

ಸೋಮವಾರಪೇಟೆ_ಕಡೆಯವ

ಶೂ ಹೊಸದಾಗಿ ಕೊಂಡಿದ್ದರೆ ಇಂದಿನಿಂದಲೇ ಹಾಕಿ ಓಡಾಡಿ. ಕಾಲ್ಬೆರಳ ಉಗುರು ಎರಡು ದಿನ ಮೊದಲೇ ಕತ್ತರಿಸಿ, ಇಳಿಯುವಾಗ ಶೂ ತುದಿಗೆ ಬಡಿದು ಉಗುರು ಕಪ್ಪಾಗುತ್ತದೆ. ಇಳಿಯುವ ಮೊದಲು ಲೇಸನ್ನು ಹಿಮ್ಮಡಿ ಅಲುಗದ ಹಾಗೆ ಮತ್ತೆ ಬಿಗಿದು ಕಟ್ಟಿ. ಸೋಮವಾರಪೇಟೆಯಿಂದ ಬೀದಳ್ಳಿಗೆ ಬಸ್ ಕಡಿಮೆ. ಹೋಮ್‌ಸ್ಟೇಯವರನ್ನು ಕೇಳಿ ಜೀಪು ಹೇಳಿಸಿಡಿ, ಸಂಜೆಯ ಮೇಲೆ ತಲುಪಿದರೆ ಕತ್ತಲಲ್ಲಿ ಟೆಂಟ್ ಕಟ್ಟಬೇಕಾಗುತ್ತದೆ.